ಮನಸ್ಸಿನ ಪುಸ್ತಕ ಕೊಳ್ಳೋ ಮುಂಚೆ ಒಂದು ಪ್ರಶ್ನೆ: ಇದರ ಆಡಿಟ್ ಆಗಿದೆಯಾ?

(ಪಾಡ್‌ಕಾಸ್ಟ್ ಸಂಚಿಕೆಯ ಬರಹ ರೂಪ. ಓದಲು ಅನುಕೂಲವಾಗುವಂತೆ ಅಲ್ಲಲ್ಲಿ ತಿದ್ದಲಾಗಿದೆ.)



ಇವತ್ತಿನ ವಿಷಯ ಪುಸ್ತಕದ ಅಂಗಡಿಯ ಮೂರು ಕಪಾಟು. ಒಂದು, ಮನಶ್ಶಾಸ್ತ್ರ. ಎರಡು, ಮಕ್ಕಳ ಬೆಳವಣಿಗೆ. ಮೂರು, ‘ನಿಮ್ಮನ್ನ ನೀವೇ ಅಪ್‌ಗ್ರೇಡ್ ಮಾಡ್ಕೊಳ್ಳಿ’ ಅನ್ನೋ ಥರದ್ದು: ನೆನಪಿನ ಶಕ್ತಿ, ಏಕಾಗ್ರತೆ, ಹೊಸ ಅಭ್ಯಾಸ, ಮಿದುಳಿನ ಗುಪ್ತ ಸಾಮರ್ಥ್ಯ. ಗಾಂಧಿನಗರದ ದೊಡ್ಡ ಅಂಗಡಿ ಇರಲಿ, ಅವೆನ್ಯೂ ರಸ್ತೆಯ ಹಳೇ ಪುಸ್ತಕದ ರಾಶಿ ಇರಲಿ, ಸಿಗ್ನಲ್‌ನಲ್ಲಿ ಕಾರಿನ ಕಿಟಕಿಗೆ ಹಿಡಿಯೋ ಕಟ್ಟು ಇರಲಿ, ಇವು ಇದ್ದೇ ಇರ್ತವೆ. ಎಲ್ಲದರ ಮುಖಪುಟದ ಮೇಲೂ ‘ಸಂಶೋಧನೆ ಹೇಳುತ್ತೆ’ ಅಂತ ಇರುತ್ತೆ. ಯಾವುದನ್ನ ನಂಬೋದು?

ನಾನು ಓದಿದ್ದು ಬಿ.ಕಾಂ. ನಾನು ಮನಶ್ಶಾಸ್ತ್ರಜ್ಞರಲ್ಲ, ವೈದ್ಯರೂ ಅಲ್ಲ. ಆದ್ರೆ ಕಾಮರ್ಸ್ ಓದಿದವರಿಗೆ ಒಂದು ಪಾಠ ಮಾತ್ರ ಚೆನ್ನಾಗಿ ತಲೆಗೆ ಹೋಗಿರುತ್ತೆ. ಕಂಪನಿ ತನ್ನ ಲಾಭ ಇಷ್ಟು ಅಂತ ತಾನೇ ಹೇಳ್ಕೊಂಡ್ರೆ ಸಾಲದು, ಹೊರಗಿನವರೊಬ್ಬರು ಬಂದು ಲೆಕ್ಕ ನೋಡಬೇಕು. ಪುಸ್ತಕಕ್ಕೂ ಇದೇ ನಿಯಮ ಹಾಕಿ ನೋಡೋಣ ಅನ್ನೋದು ಇವತ್ತಿನ ಸಂಚಿಕೆ.

ತಪ್ಪು ಪುಸ್ತಕದಿಂದ ಏನು ಮಹಾ ನಷ್ಟ?

‘ಮುನ್ನೂರು ರೂಪಾಯಿ ಹೋಯ್ತು, ಅಷ್ಟೇ ತಾನೇ’ ಅನ್ನಿಸಬಹುದು. ಹಾಗಾದ್ರೆ 1967ರ ಅಮೆರಿಕಕ್ಕೆ ಹೋಗೋಣ.

ಆ ವರ್ಷ ಬ್ರೂನೋ ಬೆಟಲ್‌ಹೈಮ್ ಅನ್ನೋರು ‘ದಿ ಎಂಪ್ಟಿ ಫೋರ್ಟ್ರೆಸ್’ ಅನ್ನೋ ಪುಸ್ತಕ ಬರೆದರು. ಅವರು ಷಿಕಾಗೋ ವಿಶ್ವವಿದ್ಯಾಲಯಕ್ಕೆ ಸೇರಿದ ಮಕ್ಕಳ ವಸತಿ ಶಾಲೆಯೊಂದರ ಮುಖ್ಯಸ್ಥರು, ದೊಡ್ಡ ಹೆಸರು. ಪುಸ್ತಕದ ವಿಷಯ ಆಟಿಸಂ. ಮಗು ಮಾತಾಡದೆ, ಕಣ್ಣಿಗೆ ಕಣ್ಣು ಕೊಡದೆ ತನ್ನೊಳಗೆ ಸೇರ್ಕೊಳ್ಳೋದಕ್ಕೆ ಹೆತ್ತವರ, ಅದರಲ್ಲೂ ತಾಯಿಯ ಪ್ರೀತಿಯ ಕೊರತೆಯೇ ಕಾರಣ ಅನ್ನೋದು ವಾದ. ಇಂಥ ತಾಯಂದಿರಿಗೆ ಆಗಲೇ ಒಂದು ಹೆಸರು ಬಿದ್ದಿತ್ತು: ‘ರೆಫ್ರಿಜರೇಟರ್ ಮದರ್’, ಫ್ರಿಜ್ಜಿನಷ್ಟು ತಣ್ಣಗಿನ ತಾಯಿ. ಪುಸ್ತಕಕ್ಕೆ ಒಳ್ಳೆಯ ವಿಮರ್ಶೆಗಳು ಬಂದವು, ಜನ ಓದಿದರು.

ಒಂದು ಮನೆ ಊಹಿಸ್ಕೊಳ್ಳಿ. ಮಗುಗೆ ನಾಲ್ಕು ವರ್ಷ, ‘ಅಮ್ಮ’ ಅಂತ ಇನ್ನೂ ಕರೆದಿಲ್ಲ. ಉತ್ತರ ಹುಡುಕಿ ತಾಯಿ ಪುಸ್ತಕ ತೆಗೀತಾಳೆ. ಅದು ಹೇಳುತ್ತೆ: ಕಾರಣ ನೀನೇ.

ಆ ವಾದ ತಪ್ಪು. 1977ರಲ್ಲಿ ಸುಸಾನ್ ಫೋಲ್‌ಸ್ಟೀನ್ ಮತ್ತು ಮೈಕೆಲ್ ರಟರ್ ಬ್ರಿಟನ್ನಿನಲ್ಲಿ 21 ಅವಳಿ ಜೋಡಿಗಳನ್ನ ನೋಡಿದರು. ಪ್ರತಿ ಜೋಡಿಯಲ್ಲೂ ಕನಿಷ್ಠ ಒಂದು ಮಗುಗೆ ಆಟಿಸಂ ಇತ್ತು. ಅಚ್ಚೊತ್ತಿದಂಥ ಅವಳಿಗಳು, ಅಂದ್ರೆ ಒಂದೇ ಭ್ರೂಣದಿಂದ ಬಂದವರು, 11 ಜೋಡಿ. ಅದರಲ್ಲಿ 4 ಜೋಡಿಗಳಲ್ಲಿ ಇಬ್ಬರಿಗೂ ಆಟಿಸಂ ಇತ್ತು. ಬೇರೆ ಬೇರೆ ಭ್ರೂಣದಿಂದ ಬಂದ ಅವಳಿಗಳು 10 ಜೋಡಿ. ಅದರಲ್ಲಿ ಇಬ್ಬರಿಗೂ ಇದ್ದದ್ದು ಒಂದರಲ್ಲೂ ಇಲ್ಲ. ಎರಡೂ ಥರದ ಅವಳಿಗಳಿಗೆ ತಾಯಿ ಒಬ್ಬಳೇ, ಮನೆ ಒಂದೇ. ಆದರೂ ವ್ಯತ್ಯಾಸ ಬಂತು ಅಂದ್ರೆ ಹುಟ್ಟಿನಿಂದ ಬರೋ ಅಂಶ ಬಲವಾಗಿದೆ ಅಂತ ಅರ್ಥ. ಸಣ್ಣ ಅಧ್ಯಯನವೇ, ಆದ್ರೆ ಆಮೇಲೆ ಬಂದ ದೊಡ್ಡ ಅಧ್ಯಯನಗಳೂ ಅದೇ ದಿಕ್ಕಿಗೆ ಕೈ ತೋರಿಸಿದವು.

ಈಗ ಮುಖ್ಯ ವಿಷಯ. ಬೆಟಲ್‌ಹೈಮ್ ಪುಸ್ತಕಕ್ಕಿಂತ ಮೂರು ವರ್ಷ ಮೊದಲೇ, 1964ರಲ್ಲಿ, ಬರ್ನಾರ್ಡ್ ರಿಮ್‌ಲ್ಯಾಂಡ್ ಅನ್ನೋರ ‘ಇನ್‌ಫಂಟೈಲ್ ಆಟಿಸಂ’ ಬಂದಿತ್ತು. ಅವರು ಮನಶ್ಶಾಸ್ತ್ರಜ್ಞ, ಆಟಿಸಂ ಇದ್ದ ಮಗುವಿನ ತಂದೆಯೂ ಹೌದು. ಅಲ್ಲಿವರೆಗೆ ಬಂದಿದ್ದ ವರದಿಗಳನ್ನೆಲ್ಲ ಕಲೆ ಹಾಕಿ, ತಾಯಿಯ ಮೇಲೆ ಆರೋಪ ಹೊರಿಸೋಕೆ ಪುರಾವೆ ಇಲ್ಲ, ಇದು ಜೈವಿಕ ಅಂತ ವಾದಿಸಿದರು. ಬೆಟಲ್‌ಹೈಮ್ ಪುಸ್ತಕ ಬಹುಮಟ್ಟಿಗೆ ನಿಂತಿದ್ದು ಮೂರು ಮಕ್ಕಳ ವಿವರವಾದ ಕಥೆಗಳ ಮೇಲೆ. ಕಥೆಗಳು ಮನಸ್ಸಿಗೆ ನಾಟೋ ಹಾಗಿದ್ದವು. ಅವನ್ನ ಹೊರಗಿನಿಂದ ಬಂದು ಪರೀಕ್ಷಿಸಿದವರು ಯಾರೂ ಇರಲಿಲ್ಲ.

ಸರಿಯಾದ ಪುಸ್ತಕವೂ ತಪ್ಪು ಪುಸ್ತಕವೂ ಒಂದೇ ಕಾಲದಲ್ಲಿ ಓದುಗರಿಗೆ ಸಿಗ್ತಿದ್ದವು. ಆರಿಸೋದು ಹೇಗೆ ಅಂತ ಗೊತ್ತಿದ್ರೆ ಎಷ್ಟೋ ಅಮ್ಮಂದಿರ ಕಣ್ಣೀರು ತಪ್ತಿತ್ತು.

ಆಡಿಟ್ ಅಂದ್ರೆ ಇಲ್ಲಿ ಏನು?

ವಿಜ್ಞಾನದಲ್ಲಿ ಆಡಿಟ್ ಅಂದ್ರೆ ಒಬ್ಬರು ಮಾಡಿದ ಪ್ರಯೋಗವನ್ನ ಸಂಬಂಧವೇ ಇಲ್ಲದ ಇನ್ನೊಬ್ಬರು ಮತ್ತೆ ಮಾಡಿ ನೋಡೋದು. ಇಂಗ್ಲಿಷಲ್ಲಿ ‘ರೆಪ್ಲಿಕೇಶನ್’. ಅದೇ ಉತ್ತರ ಬಂದ್ರೆ ನಂಬಿಕೆ ಹೆಚ್ಚುತ್ತೆ. ಬರದಿದ್ರೆ ಯೋಚಿಸಬೇಕು.

2015ರಲ್ಲಿ ಮನಶ್ಶಾಸ್ತ್ರದಲ್ಲಿ ಒಂದು ದೊಡ್ಡ ಆಡಿಟ್ ನಡೀತು. ಹೆಸರಾಂತ ನಿಯತಕಾಲಿಕೆಗಳಲ್ಲಿ ಬಂದಿದ್ದ 100 ಅಧ್ಯಯನಗಳನ್ನ ಸಂಶೋಧಕರ ದೊಡ್ಡ ತಂಡ ಮತ್ತೆ ಮಾಡಿ, ಫಲಿತಾಂಶವನ್ನ ‘ಸೈನ್ಸ್’ ಪತ್ರಿಕೆಯಲ್ಲಿ ಪ್ರಕಟಿಸಿತು. ಮೂಲದಲ್ಲಿ 97 ಅಧ್ಯಯನಗಳು ‘ಪರಿಣಾಮ ಇದೆ’ ಅಂದಿದ್ದವು. ಮತ್ತೆ ಮಾಡಿದಾಗ ಹಾಗೆ ಬಂದದ್ದು ಮೂರರಲ್ಲಿ ಒಂದು ಪಾಲಿಗಿಂತ ಸ್ವಲ್ಪ ಹೆಚ್ಚು, ಅಷ್ಟೇ. ಹಾಗಂತ ಉಳಿದದ್ದೆಲ್ಲ ಮೋಸ ಅಂತಲ್ಲ. ಕಡಿಮೆ ಜನರ ಮೇಲೆ ಪ್ರಯೋಗ ಮಾಡಿದ್ರೆ ಅದೃಷ್ಟದ ಫಲಿತಾಂಶವೂ ನಿಜದ ಹಾಗೆ ಕಾಣುತ್ತೆ. ಅಂಥದ್ದೇ ಹೆಚ್ಚು ಪ್ರಕಟ ಆಗುತ್ತೆ, ಅದೇ ಪುಸ್ತಕಕ್ಕೂ ಬರುತ್ತೆ.

ಮೊದಲ ಕಪಾಟು: ಮನಶ್ಶಾಸ್ತ್ರ

ಡೇನಿಯಲ್ ಕಾನೆಮನ್ ಗೊತ್ತಲ್ಲ? 2002ರ ಅರ್ಥಶಾಸ್ತ್ರದ ನೊಬೆಲ್ ಪಡೆದವರು. 2011ರ ಅವರ ‘ಥಿಂಕಿಂಗ್, ಫಾಸ್ಟ್ ಆ್ಯಂಡ್ ಸ್ಲೋ’ ಎಲ್ಲರ ಕಪಾಟಲ್ಲೂ ಇದೆ. ಒಳ್ಳೆಯ ಪುಸ್ತಕ. ಆದ್ರೆ ಅದರ ನಾಲ್ಕನೇ ಅಧ್ಯಾಯದಲ್ಲಿ ‘ಪ್ರೈಮಿಂಗ್’ ಅನ್ನೋ ವಿಷಯ ಬರುತ್ತೆ: ಮುಪ್ಪಿಗೆ ಸಂಬಂಧಿಸಿದ ಪದಗಳನ್ನ ಓದಿಸಿದ್ರೆ ಯುವಕರೂ ನಿಧಾನವಾಗಿ ನಡೀತಾರೆ ಅನ್ನೋ ಥರದ ಪ್ರಯೋಗಗಳು. ಆ ಬಗೆಯ ಹಲವು ಪ್ರಯೋಗಗಳು ಮರುಪರೀಕ್ಷೆಯಲ್ಲಿ ನಿಲ್ಲಲಿಲ್ಲ. 2017ರಲ್ಲಿ ಕಾನೆಮನ್ ಅವರೇ, ಸಣ್ಣ ಅಧ್ಯಯನಗಳ ಮೇಲೆ ಅತಿಯಾದ ನಂಬಿಕೆ ಇಟ್ಟೆ ಅನ್ನೋ ಅರ್ಥದಲ್ಲಿ ಬರೆದುಕೊಂಡರು.

ಇದರಿಂದ ಎರಡು ವಿಷಯ ಕಲೀಬಹುದು. ದೊಡ್ಡ ಹೆಸರು, ದೊಡ್ಡ ಪ್ರಶಸ್ತಿ ಆಡಿಟ್ ವರದಿಗೆ ಬದಲಿ ಆಗಲ್ಲ. ಇನ್ನೊಂದು, ಒಂದು ಅಧ್ಯಾಯ ಬಿದ್ದರೆ ಇಡೀ ಪುಸ್ತಕ ಬೀಳಲ್ಲ. ನಷ್ಟದ ನಿರ್ಧಾರಗಳ ಬಗ್ಗೆ ಅವರೂ ಆಮೋಸ್ ಟ್ವೆರ್ಸ್ಕಿಯೂ 1979ರಲ್ಲಿ ಮಂಡಿಸಿದ ವಿಚಾರವನ್ನ 2020ರಲ್ಲಿ 19 ದೇಶಗಳಲ್ಲಿ ಮತ್ತೆ ಪರೀಕ್ಷಿಸಿದರು. ಬಹುಪಾಲು ನಿಂತಿತು. ಬ್ಯಾಲೆನ್ಸ್ ಶೀಟನ್ನ ಸಾಲು ಸಾಲಾಗಿ ನೋಡ್ತೀವಲ್ಲ, ಪುಸ್ತಕವನ್ನೂ ಹಾಗೇ ನೋಡಬೇಕು.

ರಿಮ್‌ಲ್ಯಾಂಡ್‌ಗೂ ಇದೇ ಮಾತು. 1964ರಲ್ಲಿ ಸರಿ ಇದ್ದ ಅದೇ ವ್ಯಕ್ತಿ, ಮುಂದೆ ಲಸಿಕೆಗೂ ಆಟಿಸಂಗೂ ಸಂಬಂಧ ಇದೆ ಅನ್ನೋ ಪುರಾವೆ ಇಲ್ಲದ ವಾದದ ಕಡೆ ನಿಂತರು. ಹಾಗಾಗಿ ಲೇಖಕರಿಗೆ ಪೂರ್ತಿ ಸರ್ಟಿಫಿಕೇಟ್ ಕೊಡೋ ಬದಲು, ಒಂದೊಂದು ಮಾತನ್ನೂ ಪ್ರತ್ಯೇಕವಾಗಿ ಪರೀಕ್ಷಿಸಿ.

ಎರಡನೇ ಕಪಾಟು: ಮಕ್ಕಳ ಬೆಳವಣಿಗೆ

ಗರ್ಭಿಣಿ ಇದ್ದಾಗ ಮೊಜಾರ್ಟ್ ಸಂಗೀತ ಹಾಕಿದ್ರೆ ಮಗು ಬುದ್ಧಿವಂತ ಆಗುತ್ತೆ ಅಂತ ಕೇಳಿರ್ತೀರಿ. ಇದರ ಮೂಲ 1993ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಬಂದ ಪುಟ್ಟ ವರದಿ. ಯಾರ ಮೇಲೆ ಪ್ರಯೋಗ ಮಾಡಿದ್ರು ಗೊತ್ತಾ? 36 ಕಾಲೇಜು ವಿದ್ಯಾರ್ಥಿಗಳ ಮೇಲೆ. ಹತ್ತು ನಿಮಿಷ ಮೊಜಾರ್ಟ್ ಕೇಳಿದ ಮೇಲೆ ಒಂದು ಬಗೆಯ ಪರೀಕ್ಷೆಯಲ್ಲಿ ಅವರ ಅಂಕ ಸ್ವಲ್ಪ ಹೆಚ್ಚಿತು, ಸುಮಾರು ಕಾಲು ಗಂಟೆಯೊಳಗೆ ಆ ಪರಿಣಾಮ ಇಳಿದೂ ಹೋಯ್ತು. ಕೂಸುಗಳ ಮೇಲೆ ಪ್ರಯೋಗವೇ ಆಗಿರಲಿಲ್ಲ.

1997ಕ್ಕೆ ‘ದಿ ಮೊಜಾರ್ಟ್ ಎಫೆಕ್ಟ್’ ಅಂತ ಪುಸ್ತಕವೇ ಬಂತು. 1998ರಲ್ಲಿ ಅಮೆರಿಕದ ಜಾರ್ಜಿಯಾ ರಾಜ್ಯದ ಗವರ್ನರ್, ಹುಟ್ಟಿದ ಪ್ರತಿ ಮಗುಗೂ ಶಾಸ್ತ್ರೀಯ ಸಂಗೀತದ ಧ್ವನಿಮುದ್ರಿಕೆ ಕೊಡೋಕೆ ಬಜೆಟ್‌ನಲ್ಲಿ 1,05,000 ಡಾಲರ್ ಕೇಳಿದರು. 2010ರಲ್ಲಿ ವಿಯೆನ್ನಾದ ಸಂಶೋಧಕರು ಸುಮಾರು 40 ಅಧ್ಯಯನಗಳನ್ನ, 3,000ದಷ್ಟು ಜನರ ಲೆಕ್ಕವನ್ನ ಒಟ್ಟುಗೂಡಿಸಿ ನೋಡಿದಾಗ ಮೊಜಾರ್ಟ್‌ಗೇ ಅಂತ ವಿಶೇಷ ಶಕ್ತಿ ಏನೂ ಕಾಣಲಿಲ್ಲ. ಸಂಗೀತ ಹಾಕಿ, ಖುಷಿಯಾಗಿ ಕೇಳಿ. ಅಂಕಪಟ್ಟಿಯ ಆಸೆ ಬೇಡ, ಅಷ್ಟೇ.

ಇನ್ನೊಂದು ‘ಮಾರ್ಷ್‌ಮ್ಯಾಲೋ ಪರೀಕ್ಷೆ’. ಮಗುವಿನ ಮುಂದೆ ಒಂದು ಮಿಠಾಯಿ ಇಟ್ಟು, ನಾನು ವಾಪಸ್ ಬರೋವರೆಗೂ ತಿನ್ನದೆ ಇದ್ರೆ ಎರಡು ಕೊಡ್ತೀನಿ ಅನ್ನೋದು. ಸ್ಟ್ಯಾನ್‌ಫರ್ಡ್‌ನಲ್ಲಿ ವಾಲ್ಟರ್ ಮಿಷೆಲ್ ಶುರು ಮಾಡಿದ್ದು. ಕಾದ ಮಕ್ಕಳು ಮುಂದೆ ಚೆನ್ನಾಗಿ ಓದಿದರು ಅನ್ನೋದು ಪ್ರಸಿದ್ಧ ಆಯ್ತು. 2018ರಲ್ಲಿ 900ಕ್ಕೂ ಹೆಚ್ಚು ಮಕ್ಕಳ ಮಾಹಿತಿ ಇಟ್ಕೊಂಡು ಮತ್ತೆ ನೋಡಿದಾಗ, ಆ ನಂಟು ಮೊದಲು ಹೇಳಿದ್ದರ ಅರ್ಧದಷ್ಟೇ ಇತ್ತು. ಮನೆಯ ಸ್ಥಿತಿಗತಿ, ತಾಯಿಯ ಓದು, ಮಗುವಿನ ಮೊದಲಿನ ಸಾಮರ್ಥ್ಯ ಇವನ್ನೂ ಲೆಕ್ಕಕ್ಕೆ ತಗೊಂಡ್ರೆ ಅದರಲ್ಲೂ ಮೂರನೇ ಎರಡು ಪಾಲು ಕರಗಿಹೋಯ್ತು. ಮಗುಗೆ ಸಂಯಮ ಇಲ್ಲ ಅಂತ ಬೈಯೋ ಮುಂಚೆ ನೆನಪಿಡಿ: ಡಬ್ಬಿ ಯಾವಾಗಲೂ ತುಂಬಿರೋ ಮನೆಯ ಮಗುಗೆ ಕಾಯೋದು ಸುಲಭ.

ಹಳೇ ಪುಸ್ತಕ ಅಂದ ಮಾತ್ರಕ್ಕೆ ಎಸೀಬೇಕಿಲ್ಲ. ಬಿ.ಎಡ್. ಓದಿದವರಿಗೆ ಗೊತ್ತಿರೋ ಜಾನ್ ಪಿಯಾಜೆ ತಮ್ಮ ಮೂರು ಮಕ್ಕಳನ್ನ ಗಮನಿಸಿಯೇ ಬಹಳಷ್ಟು ಬರೆದರು. ಕಣ್ಣಿಂದ ಮರೆಯಾದ ವಸ್ತು ಅಲ್ಲೇ ಇದೆ ಅನ್ನೋ ತಿಳಿವಳಿಕೆ ಕೂಸಿಗೆ ಸುಮಾರು ಎಂಟು ತಿಂಗಳಿಂದಾಚೆ ಬರುತ್ತೆ ಅಂದರು. 1980ರ ದಶಕದಲ್ಲಿ ರೆನೀ ಬೇಯಾರ್ಜಾನ್ ಬೇರೆ ವಿಧಾನದಲ್ಲಿ ನೋಡಿದಾಗ, ಅದರ ಸುಳಿವು ನಾಲ್ಕೈದು ತಿಂಗಳಿಗೇ ಕಂಡಿತು. ಪಿಯಾಜೆ ಕೇಳಿದ ಪ್ರಶ್ನೆ ಉಳಿಯಿತು, ಹೇಳಿದ ವಯಸ್ಸು ಬದಲಾಯಿತು. ಆದ್ದರಿಂದ ‘ಇಷ್ಟನೇ ತಿಂಗಳಿಗೆ ಇದು ಬರಲೇಬೇಕು’ ಅನ್ನೋ ಪಟ್ಟಿ ಹಳೇ ಪುಸ್ತಕದಿಂದ ತಗೋಬೇಡಿ.

ಮೂರನೇ ಕಪಾಟು: ‘ಅಪ್‌ಗ್ರೇಡ್’ ಪುಸ್ತಕಗಳು

ಇಲ್ಲಿ ಮೂರು ಅಂಕಿ ಪದೇ ಪದೇ ಸಿಗ್ತವೆ. ಮೂರಕ್ಕೂ ವೋಚರ್ ಕೇಳೋಣ.

*21 ದಿನ.* ಹೊಸ ಅಭ್ಯಾಸಕ್ಕೆ 21 ದಿನ ಸಾಕು ಅಂತಾರೆ. ಇದು ಹರಡಿದ್ದು 1960ರ ‘ಸೈಕೋ-ಸೈಬರ್ನೆಟಿಕ್ಸ್’ ಪುಸ್ತಕದಿಂದ. ಬರೆದ ಮ್ಯಾಕ್ಸ್‌ವೆಲ್ ಮಾಲ್ಟ್ಸ್ ಪ್ಲಾಸ್ಟಿಕ್ ಸರ್ಜನ್. ಆಪರೇಷನ್ ಆದವರಿಗೆ ತಮ್ಮ ಹೊಸ ಮುಖ ರೂಢಿ ಆಗೋಕೆ ಕನಿಷ್ಠ ಸುಮಾರು 21 ದಿನ ಬೇಕು ಅಂತ ಅವರು ಗಮನಿಸಿದ್ರು. ಬರ್ತಾ ಬರ್ತಾ ‘ಕನಿಷ್ಠ’ ಬಿದ್ದುಹೋಯ್ತು. ಲಂಡನ್ನಿನಲ್ಲಿ ಫಿಲಿಪಾ ಲ್ಯಾಲಿ ಮತ್ತು ಸಂಗಡಿಗರು 96 ಜನರ ಮೇಲೆ ಮಾಡಿದ ಅಧ್ಯಯನದಲ್ಲಿ ಬಂದದ್ದು ಸುಮಾರು 66 ದಿನ, ಅದೂ ವ್ಯಕ್ತಿಯಿಂದ ವ್ಯಕ್ತಿಗೆ 18ರಿಂದ 254 ದಿನದವರೆಗೆ. ನೀವು 22ನೇ ದಿನ ಸೋತಿದ್ರೆ ಸೋತದ್ದು ನೀವಲ್ಲ, ಆ ಅಂಕಿ.

*10,000 ಗಂಟೆ.* 2008ರಲ್ಲಿ ಮಾಲ್ಕಂ ಗ್ಲಾಡ್‌ವೆಲ್ ‘ಔಟ್‌ಲೈಯರ್ಸ್’ನಲ್ಲಿ ಜನಪ್ರಿಯ ಮಾಡಿದ್ದು. ಮೂಲ, ಆ್ಯಂಡರ್ಸ್ ಎರಿಕ್ಸನ್ ತಂಡ 1993ರಲ್ಲಿ ಬರ್ಲಿನ್ನಿನ ವಯಲಿನ್ ವಿದ್ಯಾರ್ಥಿಗಳ ಬಗ್ಗೆ ಬರೆದ ಲೇಖನ. ಅಲ್ಲಿ ಅದು ಒಳ್ಳೆಯವರ ಗುಂಪಿನ ಸರಾಸರಿ, ಎಲ್ಲರೂ ದಾಟಬೇಕಾದ ಗೆರೆ ಆಗಿರಲಿಲ್ಲ. ಎರಿಕ್ಸನ್ 2016ರ ತಮ್ಮ ‘ಪೀಕ್’ ಪುಸ್ತಕದಲ್ಲಿ ಇದನ್ನ ತಾವೇ ಬಿಡಿಸಿ ಹೇಳಿದ್ದಾರೆ. ಅವರ ವಾದವನ್ನೂ ಬೇರೆಯವರು ಆಡಿಟ್ ಮಾಡಿದ್ದಾರೆ: 2014ರಲ್ಲಿ ಹಲವು ಅಧ್ಯಯನ ಒಟ್ಟುಗೂಡಿಸಿದಾಗ, ಸಂಗೀತಗಾರರ ನಡುವಿನ ವ್ಯತ್ಯಾಸದಲ್ಲಿ ಅಭ್ಯಾಸದಿಂದ ವಿವರಿಸಬಹುದಾದ್ದು ಶೇ. 21ರಷ್ಟು. ಅಭ್ಯಾಸ ಬೇಕೇ ಬೇಕು, ಅದೊಂದೇ ಸಾಲದು.

*ಶೇಕಡಾ 10.* ಮಿದುಳಿನ ಹತ್ತು ಭಾಗ ಮಾತ್ರ ಬಳಸ್ತೀವಿ ಅನ್ನೋ ಮಾತು. ಡೇಲ್ ಕಾರ್ನೆಗಿಯ 1936ರ ಪ್ರಸಿದ್ಧ ಪುಸ್ತಕದ ಮುನ್ನುಡಿಯಲ್ಲೇ ಇದರ ಒಂದು ರೂಪ ಇದೆ, ವಿಲಿಯಂ ಜೇಮ್ಸ್ ಹೆಸರಲ್ಲಿ. ವಾಸ್ತವ ಏನಂದ್ರೆ, ದೇಹದ ತೂಕದಲ್ಲಿ ಶೇ. 2ರಷ್ಟಿರೋ ಮಿದುಳು ದೇಹದ ಶಕ್ತಿಯಲ್ಲಿ ಶೇ. 20ರಷ್ಟು ಖರ್ಚು ಮಾಡುತ್ತೆ. ಶೇ. 90ರಷ್ಟು ಜಾಗ ಖಾಲಿ ಬಿಟ್ಟು ಯಾರಾದ್ರೂ ಇಷ್ಟು ಬಾಡಿಗೆ ಕಟ್ತಾರಾ?

ಈ ಕಪಾಟಿನ ಪುಸ್ತಕ ಎಷ್ಟೋ ಸಲ ಪುಸ್ತಕಕ್ಕೇ ನಿಲ್ಲಲ್ಲ. ಕೋರ್ಸ್, ಆ್ಯಪ್, ಮಾತ್ರೆ ಹಿಂದೆಯೇ ಬರ್ತವೆ. ಮಿದುಳಿನ ವ್ಯಾಯಾಮದ ಆ್ಯಪ್ ‘ಲುಮೋಸಿಟಿ’ ಬಗ್ಗೆ ಅಮೆರಿಕದ ವ್ಯಾಪಾರ ನಿಯಂತ್ರಣ ಆಯೋಗ, ಜಾಹೀರಾತಿನ ಮಾತುಗಳಿಗೆ ಆಧಾರ ಇಲ್ಲ ಅಂತ ಪ್ರಕರಣ ಹೂಡಿತು. 2016ರಲ್ಲಿ ಕಂಪನಿ 20 ಲಕ್ಷ ಡಾಲರ್ ಕೊಟ್ಟು ಇತ್ಯರ್ಥ ಮಾಡ್ಕೊಂಡಿತು.

ನಮ್ಮ ಕಡೆ ಬಂದದ್ದು ‘ಮಿಡ್‌ಬ್ರೈನ್ ಆ್ಯಕ್ಟಿವೇಶನ್’. ಮಕ್ಕಳ ಕಣ್ಣಿಗೆ ಬಟ್ಟೆ ಕಟ್ಟಿ ಪುಸ್ತಕ ಓದಿಸ್ತೀವಿ ಅಂತ ಶುಲ್ಕ ವಸೂಲಿ. ಮಂಗಳೂರಿನ ವಿಚಾರವಾದಿ, ಜೀವರಸಾಯನ ಶಾಸ್ತ್ರದ ಮೇಷ್ಟ್ರಾಗಿದ್ದ ನರೇಂದ್ರ ನಾಯಕ್ ಇದರ ವಿರುದ್ಧ ವರ್ಷಗಟ್ಟಲೆ ಪ್ರಚಾರ ಮಾಡಿದ್ದಾರೆ. ಗುಟ್ಟು ಸರಳ: ಮೂಗಿನ ಪಕ್ಕದ ಸಂದಿಯಿಂದ ಕೆಳಗೆ ಕಾಣುತ್ತೆ. ಆ ಸಂದಿ ಪೂರ್ತಿ ಮುಚ್ಚಿದ್ರೆ ಓದು ನಿಲ್ಲುತ್ತೆ. ದುಡ್ಡಿಗಿಂತ ದೊಡ್ಡ ನಷ್ಟ ಇಲ್ಲಿ ಬೇರೆ ಇದೆ. ಕದ್ದು ನೋಡ್ತಿದ್ದೀನಿ ಅಂತ ಮಗುಗೆ ಗೊತ್ತು. ಅಪ್ಪ ಅಮ್ಮ ಚಪ್ಪಾಳೆ ತಟ್ತಿರೋವಾಗ ಅದನ್ನ ಹೇಳೋದು ಹೇಗೆ?

ಅಂಗಡಿಯಲ್ಲೇ ಐದು ನಿಮಿಷದ ಆಡಿಟ್

ಪುಸ್ತಕ ಒಂದು ಕೈಯಲ್ಲಿ, ಫೋನ್ ಇನ್ನೊಂದು ಕೈಯಲ್ಲಿ. ಶುರು ಮಾಡಿ.

1. ಮೊದಲ ಮುದ್ರಣದ ವರ್ಷ ನೋಡಿ. ‘25ನೇ ಮುದ್ರಣ’ ಅಂದ್ರೆ ಮಾರಾಟ ಚೆನ್ನಾಗಿದೆ ಅಂತ, ಒಳಗಿನ ಮಾಹಿತಿ ಹೊಸದು ಅಂತಲ್ಲ. ಪರಿಷ್ಕೃತ ಆವೃತ್ತಿ ಹೌದಾ ನೋಡಿ.

2. ಕೊನೆಯ ಪುಟಗಳಿಗೆ ಹೋಗಿ. ಆಧಾರಗಳ ಟಿಪ್ಪಣಿ ಇದೆಯಾ? ಅನುವಾದ ಆಗಿದ್ರೆ ಮೂಲದ ಟಿಪ್ಪಣಿಗಳನ್ನ ಉಳಿಸಿದ್ದಾರಾ?

3. ಪುಸ್ತಕದ ಅತಿ ದೊಡ್ಡ ಮಾತು ಒಂದನ್ನ ಆರಿಸಿ. ಎಷ್ಟು ಜನರ ಮೇಲೆ ನೋಡಿದ್ದು, ಯಾರ ಮೇಲೆ ನೋಡಿದ್ದು? ಮಕ್ಕಳ ಪುಸ್ತಕ ಆದ್ರೆ ಪ್ರಯೋಗವೂ ಮಕ್ಕಳ ಮೇಲೆ ಆಗಿತ್ತಾ?

4. ಆ ಪ್ರಯೋಗದ ಹೆಸರಿನ ಜೊತೆ ‘ರೆಪ್ಲಿಕೇಶನ್’ ಅನ್ನೋ ಪದವನ್ನ ಇಂಗ್ಲಿಷಲ್ಲಿ ಟೈಪ್ ಮಾಡಿ ಹುಡುಕಿ. ಬೇರೆಯವರಿಗೆ ಏನು ಸಿಕ್ಕಿತು ಅಂತ ಬಹಳ ಸಲ ಮೊದಲ ಪುಟದಲ್ಲೇ ಬರುತ್ತೆ.

5. ಲೇಖಕರು ಇನ್ನೇನು ಮಾರ್ತಿದ್ದಾರೆ? ಮಾರೋದೇ ತಪ್ಪಲ್ಲ. ಪುಸ್ತಕದ ಪ್ರತಿ ಅಧ್ಯಾಯವೂ ಕೋರ್ಸಿನ ಬಾಗಿಲಿಗೇ ಕರ್ಕೊಂಡು ಹೋಗ್ತಿದ್ರೆ ಅದು ಜಾಹೀರಾತು ಕರಪತ್ರ.

6. ‘ಇದು ಇಂಥವರಿಗೆ ಕೆಲಸ ಮಾಡಲ್ಲ’, ‘ಇದು ಇನ್ನೂ ಖಚಿತವಿಲ್ಲ’ ಅನ್ನೋ ಮಾತು ಎಲ್ಲಾದ್ರೂ ಇದೆಯಾ? ಮ್ಯೂಚುವಲ್ ಫಂಡ್ ಜಾಹೀರಾತಲ್ಲೂ ಕೊನೆಗೆ ಅಪಾಯದ ಮಾತು ಗಡಿಬಿಡಿಯಲ್ಲಾದ್ರೂ ಓದ್ತಾರೆ. ಪುಸ್ತಕದಲ್ಲಿ ಅಷ್ಟೂ ಇಲ್ಲದಿದ್ರೆ ಕೆಳಗಿಡಿ.

ಆರೂ ಪಾಸ್ ಆಗಬೇಕಿಲ್ಲ. ಮೂರು, ನಾಲ್ಕು, ಆರು ಪಾಸ್ ಆದ್ರೆ ಕೊಳ್ಳಬಹುದು.

ಎಲ್ಲಿಂದ ಶುರು ಮಾಡೋದು?

ಕನ್ನಡದಲ್ಲೇ ಓದಬೇಕು ಅನ್ನೋರಿಗೆ, ನಿಮ್ಹಾನ್ಸ್‌ನಲ್ಲಿ ಮನೋವೈದ್ಯರಾಗಿದ್ದ ಡಾ. ಸಿ.ಆರ್. ಚಂದ್ರಶೇಖರ್ ಅವರ ಪುಸ್ತಕಗಳು ಒಳ್ಳೆಯ ಬಾಗಿಲು. ಸಣ್ಣವು, ಬೆಲೆ ಕಡಿಮೆ, ಸೂಪರ್ ಪವರ್ ಆಮಿಷ ಇಲ್ಲ. ಇನ್ನೂ ಹಿಂದಕ್ಕೆ ಹೋದ್ರೆ ‘ಕೊರವಂಜಿ’ ಪತ್ರಿಕೆ ನಡೆಸಿದ ‘ರಾಶಿ’, ಅಂದ್ರೆ ಡಾ. ಎಂ. ಶಿವರಾಂ ಇದ್ದಾರೆ. ಅವರ ‘ಮನಮಂಥನ’ಕ್ಕೆ 1976ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದಿದೆ. ಓದಿ, ಆದ್ರೆ ಅದು ಬರೆದ ಕಾಲದ ಮನೋವೈದ್ಯಶಾಸ್ತ್ರ ಅನ್ನೋದು ನೆನಪಿರಲಿ. ಔಷಧಿ, ಚಿಕಿತ್ಸೆ ಎರಡೂ ಅಲ್ಲಿಂದೀಚೆಗೆ ಬಹಳ ಬದಲಾಗಿವೆ.

ಇಂಗ್ಲಿಷ್ ಓದೋರಿಗೆ, ಮಕ್ಕಳ ಬಗ್ಗೆ ಆ್ಯಲಿಸನ್ ಗಾಪ್ನಿಕ್ ಅವರ ‘ದಿ ಗಾರ್ಡನರ್ ಆ್ಯಂಡ್ ದಿ ಕಾರ್ಪೆಂಟರ್’ (2016). ಮಗುವನ್ನ ಬಡಗಿ ಕುರ್ಚಿ ಕೆತ್ತಿದ ಹಾಗೆ ಕೆತ್ತೋಕೆ ಹೋಗದೆ, ತೋಟಗಾರನ ಹಾಗೆ ನೆಲ ಹದ ಮಾಡಿ ಅನ್ನೋದು ಅದರ ತಿರುಳು. ಮನಶ್ಶಾಸ್ತ್ರದ ಆಡಿಟ್ ಕಥೆಗೆ ಸ್ಟುವರ್ಟ್ ರಿಚಿ ಅವರ ‘ಸೈನ್ಸ್ ಫಿಕ್ಷನ್ಸ್’ (2020). ಮನುಷ್ಯನನ್ನ ಔಷಧಿ, ಜೀನ್ ತಿದ್ದುಪಡಿಯಿಂದ ‘ಉತ್ತಮ’ಗೊಳಿಸೋದು ಸರಿಯಾ ಅನ್ನೋ ಪ್ರಶ್ನೆಗೆ ಮೈಕೆಲ್ ಸ್ಯಾಂಡೆಲ್ ಅವರ ‘ದಿ ಕೇಸ್ ಅಗೇನ್ಸ್ಟ್ ಪರ್ಫೆಕ್ಷನ್’ (2007), ತೆಳ್ಳಗಿನ ಪುಸ್ತಕ. ಅವರ ಮಾತು ಒಪ್ಪಲೇಬೇಕಿಲ್ಲ, ವಾದ ಮಾಡ್ತಾ ಓದಿ. ಕೊಳ್ಳೋ ಮುಂಚೆ ಹತ್ತಿರದ ಸಾರ್ವಜನಿಕ ಗ್ರಂಥಾಲಯದಲ್ಲಿ ಒಮ್ಮೆ ಕೇಳಿ.

ಕೊನೆಯದಾಗಿ ಒಂದು ಗಂಭೀರ ಮಾತು. ಮಗು ಮಾತು ತಡ ಮಾಡ್ತಿದೆ, ಹೆಸರು ಕರೆದ್ರೆ ತಿರುಗಲ್ಲ ಅನ್ನಿಸಿದ್ರೆ ಪುಸ್ತಕ ಹುಡುಕ್ತಾ ಕೂರಬೇಡಿ. ಮಕ್ಕಳ ವೈದ್ಯರ ಹತ್ತಿರ ಹೋಗಿ. ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಡಿ ಜಿಲ್ಲಾ ಆಸ್ಪತ್ರೆಗಳಲ್ಲಿ ಡಿ.ಇ.ಐ.ಸಿ. ಅನ್ನೋ ಕೇಂದ್ರಗಳಿವೆ, ಅಲ್ಲಿ ವಿಚಾರಿಸಿ. ನಿಮ್ಮದೇ ಮನಸ್ಸು ಭಾರವಾಗಿದೆ, ನಿದ್ದೆ ಇಲ್ಲ, ಬದುಕು ಬೇಡ ಅನ್ನಿಸ್ತಿದೆ ಅಂದ್ರೆ 14416ಕ್ಕೆ ಕರೆ ಮಾಡಿ. ಅದು ‘ಟೆಲಿ ಮಾನಸ್’, ಸರ್ಕಾರದ ಉಚಿತ ಸಹಾಯವಾಣಿ, ಕನ್ನಡದಲ್ಲೇ ಮಾತಾಡಬಹುದು.

ಯಾವುದಾದ್ರೂ ಪುಸ್ತಕ ಓದಿ ‘ತಪ್ಪು ನನ್ನದೇ’ ಅಂತ ನೊಂದಿರೋ ಅಕ್ಕನೋ ಗೆಳತಿಯೋ ನಿಮ್ಮ ಮನೆಯಲ್ಲಿದ್ರೆ, ಈ ಸಂಚಿಕೆ ಅವರಿಗೆ ಕಳಿಸಿ.